ಪಿಯುಸಿ ಆದ ಮೇಲೆ ಫಿಸಿಕ್ಸ್: ಐಐಎಸ್‌ಸಿ, ಐಸರ್, ಐಐಟಿ, ಇಲ್ಲಾ ಊರಿನ ಬಿಎಸ್ಸಿ?

ಬಿಎಸ್ಸಿಗೆ ಸೇರಿದಾಗ ನಾನು ಮಾಡಿದ ಮೊದಲ ಪ್ರಯೋಗ ಸರಳ ಲೋಲಕ. ದಾರದ ಉದ್ದ 50 ಸೆಂಟಿಮೀಟರ್. 20 ಸಲ ತೂಗಲು 29 ಸೆಕೆಂಡು. ಲೆಕ್ಕ ಹಾಕಿದರೆ ಗುರುತ್ವದ ಬೆಲೆ 9.4 ಬಂತು. ಪುಸ್ತಕದಲ್ಲಿ 9.8 ಇದೆ, ಅಲ್ವಾ? ಮೇಷ್ಟ್ರಿಗೆ ತೋರಿಸಿದೆ. "ರೀಡಿಂಗ್ ಸರಿ ಮಾಡ್ಕೊಂಡು ಬಾ" ಅಂದರು. ಪಕ್ಕದವನ ರೆಕಾರ್ಡ್ ನೋಡಿಕೊಂಡು 29 ಅಳಿಸಿ 28.4 ಅಂತ ಬರೆದೆ. ಉತ್ತರ 9.8 ಬಂತು. ಸಹಿ ಬಿತ್ತು.

ನನ್ನ 29 ಸೆಕೆಂಡು ಸರಿಯಾಗಿಯೇ ಇತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ, ನಾನೇ ಪಿಯು ಕಾಲೇಜಿನಲ್ಲಿ ಪಾಠ ಮಾಡಲು ಶುರು ಮಾಡಿದಾಗ. ತಪ್ಪಿದ್ದದ್ದು ಉದ್ದದಲ್ಲಿ. ನಾನು ದಾರವನ್ನಷ್ಟೇ ಅಳೆದಿದ್ದೆ. ಗುಂಡಿನ ಕೊಕ್ಕೆ, ಅಲ್ಲಿಂದ ಗುಂಡಿನ ನಡುವಿನ ತನಕ ಇನ್ನೂ 2 ಸೆಂಟಿಮೀಟರ್ ಬಿಟ್ಟುಹೋಗಿತ್ತು. 52 ಅಂತ ಹಾಕಿದರೆ 9.76 ಬರುತ್ತದೆ. ಇನ್ನೂ ಚೆಂದದ ವಿಷಯ ಅಂದರೆ, ನಾಲ್ಕೈದು ಬೇರೆ ಬೇರೆ ಉದ್ದಕ್ಕೆ ಕಾಲ ಅಳೆದು, ಕಾಲದ ವರ್ಗವನ್ನು ಉದ್ದದ ಎದುರು ಗ್ರಾಫ್ ಹಾಕಿದರೆ ಆ ಗೆರೆ ಸೊನ್ನೆಯ ಮೂಲಕ ಹೋಗುವುದೇ ಇಲ್ಲ. 2 ಸೆಂಟಿಮೀಟರ್ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಗೆರೆಯ ಇಳಿಜಾರಿನಿಂದ ಗುರುತ್ವದ ಬೆಲೆ ಸರಿಯಾಗಿ ಸಿಗುತ್ತದೆ, ಎಷ್ಟು ಅಳೆಯಲು ಮರೆತೆ ಅನ್ನುವುದನ್ನೂ ಅದೇ ಗ್ರಾಫು ಹೇಳಿಬಿಡುತ್ತದೆ. ಅವತ್ತು ಯಾರಾದರೂ ಅರ್ಧ ಗಂಟೆ ನನ್ನ ಜೊತೆ ಕೂತು "9.4 ಯಾಕೆ ಬಂತು, ನೋಡೋಣ" ಅಂದಿದ್ದರೆ ಇದೆಲ್ಲ ಅವತ್ತೇ ಸಿಗುತ್ತಿತ್ತು.

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ಮಕ್ಕಳು, ಅಪ್ಪ ಅಮ್ಮಂದಿರು ಬಂದು ಕೇಳುತ್ತಾರೆ. ಇವಳಿಗೆ ಫಿಸಿಕ್ಸ್ ಇಷ್ಟ, ಮುಂದೆ ಸಂಶೋಧನೆ ಮಾಡಬೇಕಂತೆ, ಎಲ್ಲಿಗೆ ಸೇರಿಸೋಣ ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೆಸರಿಗಿಂತ ಮೊದಲು ನೋಡುವುದು ಒಂದೇ: ರೀಡಿಂಗ್ ತಪ್ಪು ಬಂದಾಗ ಅಲ್ಲಿ ಏನಾಗುತ್ತದೆ? ವಿದ್ಯಾರ್ಥಿ ಅದರ ಹಿಂದೆ ಬೀಳಲು ಸಮಯ, ಸಲಕರಣೆ, ಜೊತೆಗೆ ಕೂರುವ ಒಬ್ಬರು ಮೇಷ್ಟ್ರು, ಈ ಮೂರೂ ಇದೆಯಾ?

ಐಐಎಸ್‌ಸಿಯೋ ಐಸರೋ

ಸಂಶೋಧನೆಗೆ ಅಂತಲೇ ಕಟ್ಟಿದ ಪದವಿಗಳಲ್ಲಿ ನಮಗೆ ಮೊದಲು ನೆನಪಾಗುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಐಐಎಸ್‌ಸಿ. 1909ರ ಸಂಸ್ಥೆಯಾದರೂ ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ವಿಜ್ಞಾನ ಪದವಿ ಶುರುವಾಗಿದ್ದು 2011ರಲ್ಲಿ. ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ, ಜೊತೆಗೆ ಸ್ವಲ್ಪ ಎಂಜಿನಿಯರಿಂಗ್ ಮತ್ತು ಮಾನವಿಕ ವಿಷಯಗಳು. ಆಮೇಲೆ ಫಿಸಿಕ್ಸ್ ಮೇಜರ್ ತೆಗೆದುಕೊಳ್ಳಬಹುದು. ಕೊನೆಯ ವರ್ಷ ಸಂಶೋಧನಾ ಪ್ರಾಜೆಕ್ಟ್. ಬೇಕೆಂದವರು ಐದನೇ ವರ್ಷ ಉಳಿದು ಮಾಸ್ಟರ್ಸ್ ಮುಗಿಸಬಹುದು.

ಐಸರ್ ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ. ಒಟ್ಟು ಏಳು ಇವೆ. ಪುಣೆ, ಕೋಲ್ಕತಾ 2006ರಲ್ಲಿ ಶುರುವಾದವು, ಮೊಹಾಲಿ 2007ರಲ್ಲಿ, ಭೋಪಾಲ್ ಮತ್ತು ತಿರುವನಂತಪುರ 2008ರಲ್ಲಿ, ತಿರುಪತಿ 2015ರಲ್ಲಿ, ಒಡಿಶಾದ ಬರ್ಹಾಂಪುರ 2016ರಲ್ಲಿ. ಇಲ್ಲಿ ಪದವಿ, ಮಾಸ್ಟರ್ಸ್ ಎರಡೂ ಸೇರಿದ ಐದು ವರ್ಷದ ಬಿಎಸ್-ಎಂಎಸ್. ಮೊದಲ ಒಂದೆರಡು ವರ್ಷ ಎಲ್ಲ ವಿಜ್ಞಾನಗಳ ಪಾಠ, ಆಮೇಲೆ ಆಯ್ಕೆ. ಐದನೇ ವರ್ಷದ ಬಹುಪಾಲು ಒಂದೇ ಪ್ರಾಜೆಕ್ಟಿಗೆ.

ಇವೆರಡರ ನಡುವೆ ಹೇಗೆ ಆರಿಸೋದು? ಐಐಎಸ್‌ಸಿಯಲ್ಲಿ ಸಿಗುವ ವೈವಿಧ್ಯ ಬೇರೆ ಎಲ್ಲೂ ಸಿಗುವುದಿಲ್ಲ. ಫಿಸಿಕ್ಸ್ ವಿಭಾಗದಿಂದ ಹತ್ತು ನಿಮಿಷ ನಡೆದರೆ ಮೆಟೀರಿಯಲ್ಸ್, ನ್ಯಾನೋ, ಏರೋಸ್ಪೇಸ್, ನರವಿಜ್ಞಾನ ಎಲ್ಲವೂ ಇವೆ. ಯಾವುದು ಇಷ್ಟ ಅಂತ ಇನ್ನೂ ಖಚಿತವಾಗದ ಹುಡುಗಿಗೆ ಇದು ದೊಡ್ಡ ಅನುಕೂಲ. ಆದರೆ ಅದು ಮುಖ್ಯವಾಗಿ ಪಿಎಚ್‌ಡಿ ವಿದ್ಯಾರ್ಥಿಗಳ ಕ್ಯಾಂಪಸ್. ಲ್ಯಾಬಿನಲ್ಲಿ ನಿನಗೊಂದು ಜಾಗ ಬೇಕಾದರೆ ನೀನೇ ಹೋಗಿ ಬಾಗಿಲು ತಟ್ಟಬೇಕು. ಸಂಕೋಚದ ಮಕ್ಕಳು ಎರಡು ವರ್ಷ ಹಾಗೇ ಕಳೆದುಬಿಡುತ್ತಾರೆ. ಐಸರ್‌ಗಳನ್ನು ಕಟ್ಟಿದ್ದೇ ಪದವಿ ಮಕ್ಕಳಿಗಾಗಿ. ಕ್ಯಾಂಪಸ್ಸಿನಲ್ಲಿ ಜಾಸ್ತಿ ಜನ ಅವರೇ. ಮೇಷ್ಟ್ರು ಮೊದಲ ವರ್ಷದಿಂದಲೇ ಪಾಠ ಮಾಡುತ್ತಾರೆ, ಮುಖಪರಿಚಯ ಇರುತ್ತದೆ, ಕೇಳುವುದು ಸುಲಭ.

ಏಳೂ ಐಸರ್ ಒಂದೇ ಥರ ಅಲ್ಲ. ಪುಣೆಯವರಿಗೆ ಖಗೋಳದ ಅಯೂಕಾ, ರೇಡಿಯೋ ಖಗೋಳದ ಎನ್‌ಸಿಆರ್‌ಎ ಎರಡೂ ಅದೇ ಊರಿನಲ್ಲಿವೆ. ನಾರಾಯಣಗಾಂವ್ ಬಳಿಯ ದೊಡ್ಡ ರೇಡಿಯೋ ದೂರದರ್ಶಕ ಜಿಎಂಆರ್‌ಟಿ ಎನ್‌ಸಿಆರ್‌ಎಯವರದ್ದೇ. ನಕ್ಷತ್ರಗಳ ಹುಚ್ಚಿರುವ ಮಕ್ಕಳಿಗೆ ನಾನು ಪುಣೆಯನ್ನೇ ಮೊದಲ ಆಯ್ಕೆಯಾಗಿ ಹಾಕಲು ಹೇಳುತ್ತೇನೆ. ತಿರುಪತಿ ನಮಗೆ ಹತ್ತಿರ, ಆದರೆ ವಯಸ್ಸಿನಲ್ಲಿ ಚಿಕ್ಕದು. ಹೊಸ ಕ್ಯಾಂಪಸ್ಸಿಗೆ ಹೋಗುವ ಮುಂಚೆ ನಿನಗೆ ಆಸಕ್ತಿ ಇರುವ ಕ್ಷೇತ್ರದಲ್ಲಿ ಎಷ್ಟು ಜನ ಪ್ರಾಧ್ಯಾಪಕರು ಇದ್ದಾರೆ ಅಂತ ಅವರ ವೆಬ್‌ಸೈಟಿನಲ್ಲಿ ಎಣಿಸಿ ನೋಡು. ಒಬ್ಬರೇ ಇದ್ದು, ಅವರು ರಜೆಯ ಮೇಲೆ ಹೊರಟರೆ ನಿನ್ನ ಪ್ರಾಜೆಕ್ಟೂ ನಿಂತುಹೋಗುತ್ತದೆ.

ಬಯಾಲಜಿ ಬಿಟ್ಟ ಮಕ್ಕಳಿಗೆ ಒಂದು ಮಾತು

ಐಸರ್‌ಗೆ ಪ್ರವೇಶ ಅವರದ್ದೇ ಆದ ಐಎಟಿ (ಐಸರ್ ಆಪ್ಟಿಟ್ಯೂಡ್ ಟೆಸ್ಟ್) ಪರೀಕ್ಷೆಯಿಂದ. ಐಐಎಸ್‌ಸಿಯೂ ಐಎಟಿ ಅಂಕವನ್ನು ನೋಡುತ್ತದೆ, ಐಐಟಿ ಪ್ರವೇಶದ ಜೆಇಇ ಅಡ್ವಾನ್ಸ್ಡ್ ರ‍್ಯಾಂಕನ್ನೂ ನೋಡುತ್ತದೆ. ಐಎಟಿಯಲ್ಲಿ 60 ಪ್ರಶ್ನೆ: ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ತಲಾ 15. ನಾಲ್ಕೂ ಲೆಕ್ಕಕ್ಕೆ. ನಮ್ಮಲ್ಲಿ ಫಿಸಿಕ್ಸ್ ಇಷ್ಟಪಡುವ ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿ ಆದ ತಕ್ಷಣ ಪಿಸಿಎಂಸಿ ತೆಗೆದುಕೊಂಡು ಬಯಾಲಜಿಗೆ ಕೈ ಮುಗಿದಿರುತ್ತಾರೆ. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಈ ವಿಷಯ ಗೊತ್ತಾಗಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಅಳಬೇಕಾಗಿಲ್ಲ. ಎನ್‌ಸಿಇಆರ್‌ಟಿಯ ಎರಡು ಬಯಾಲಜಿ ಪುಸ್ತಕಗಳನ್ನು ದಿನಕ್ಕೆ ಅರ್ಧ ಗಂಟೆ ಓದಿದರೂ ಆ 15ರಲ್ಲಿ ಕೆಲವಾದರೂ ಸಿಗುತ್ತವೆ. ಉಳಿದ 45 ಪ್ರಶ್ನೆಯಲ್ಲಿ ಗಟ್ಟಿ ಇದ್ದರೆ ಸೀಟು ಸಿಕ್ಕೀತು. ಆದರೆ ಮೊದಲ ಪಿಯುಸಿಯಲ್ಲೇ ತಿಳಿದಿದ್ದರೆ ಎಷ್ಟು ನಿರಾಳ!

ಬಯಾಲಜಿ ಆಗುವುದೇ ಇಲ್ಲ ಅನ್ನುವವರಿಗೆ ನೆಸ್ಟ್ ಪರೀಕ್ಷೆ ಇದೆ. ಅದರಲ್ಲೂ ನಾಲ್ಕು ವಿಭಾಗಗಳೇ, ಆದರೆ ಚೆನ್ನಾಗಿ ಮಾಡಿದ ಮೂರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ನೆಸ್ಟ್ ಬರೆದರೆ ಎರಡು ಕಡೆ ದಾರಿ ತೆರೆಯುತ್ತದೆ: ಭುವನೇಶ್ವರದ ಹತ್ತಿರ ಜಟ್ನಿಯಲ್ಲಿರುವ ವಿಜ್ಞಾನ ಸಂಸ್ಥೆ ನೈಸರ್, ಮುಂಬೈ ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್ಸಿನಲ್ಲಿರುವ ಮೂಲ ವಿಜ್ಞಾನಗಳ ಕೇಂದ್ರ ಸಿಇಬಿಎಸ್. ಎರಡಕ್ಕೂ ಬೆನ್ನಿಗಿರುವುದು ಅಣುಶಕ್ತಿ ಇಲಾಖೆ, ಎರಡೂ ಐದು ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿ.

ಇವೆರಡರ ಬಗ್ಗೆ ನಮ್ಮ ಕಡೆ ಮಾತೇ ಕಡಿಮೆ. ಅದು ನನಗೆ ಬೇಸರದ ವಿಷಯ. ನೈಸರ್‌ನಲ್ಲಿ ಕಣ ಭೌತವಿಜ್ಞಾನ ಗಟ್ಟಿ, ಅಲ್ಲಿನವರು ಯುರೋಪಿನ ಸರ್ನ್‌ನ ಸಿಎಂಎಸ್ ಪ್ರಯೋಗದಲ್ಲಿ ಕೆಲಸ ಮಾಡುತ್ತಾರೆ. ಸಿಇಬಿಎಸ್ ತುಂಬ ಚಿಕ್ಕ ಜಾಗ, ಎಲ್ಲ ವಿಷಯ ಸೇರಿ ವರ್ಷಕ್ಕೆ ಅರವತ್ತು ಮಕ್ಕಳೂ ಇಲ್ಲ. ಮುಂಬೈನ ದೊಡ್ಡ ಸಂಶೋಧನಾ ಸಂಸ್ಥೆಗಳಾದ ಟಿಐಎಫ್‌ಆರ್, ಬಿಎಆರ್‌ಸಿಯಿಂದ ಬಂದು ಪಾಠ ಮಾಡುವವರಿದ್ದಾರೆ. ಮೂವತ್ತು ಎಕರೆ ಕ್ಯಾಂಪಸ್, ಕ್ರಿಕೆಟ್ ಮೈದಾನ ಬೇಕು ಅನ್ನುವವರಿಗೆ ಇದು ಹಿಡಿಸಲಾರದು. ಮೇಷ್ಟ್ರ ಎದುರು ಕೂತು ಒಂದು ಲೆಕ್ಕವನ್ನು ಸಂಜೆಯ ತನಕ ಎಳೆಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಐಐಟಿ ಮತ್ತು ಚೆನ್ನೈನ ಸಿಎಂಐ

ಜೆಇಇ ಅಡ್ವಾನ್ಸ್ಡ್‌ಗೆ ಹೇಗೂ ಓದಿರುವವರು ಬಾಂಬೆ, ದೆಹಲಿ, ಮದ್ರಾಸ್ ಐಐಟಿಗಳ ಎಂಜಿನಿಯರಿಂಗ್ ಫಿಸಿಕ್ಸ್, ಕಾನ್ಪುರದ ನಾಲ್ಕು ವರ್ಷದ ಬಿಎಸ್ ಫಿಸಿಕ್ಸ್ ನೋಡಬಹುದು. ನಮ್ಮ ಧಾರವಾಡದ ಐಐಟಿಯಲ್ಲೂ ಎಂಜಿನಿಯರಿಂಗ್ ಫಿಸಿಕ್ಸ್ ಇದೆ. ಪಾಠ, ಲ್ಯಾಬ್ ಎರಡೂ ಚೆನ್ನ. ಎಲೆಕ್ಟ್ರಾನಿಕ್ಸ್, ಕಂಪ್ಯೂಟಿಂಗ್ ಕೈಗೆ ಬರುತ್ತದೆ, ಪ್ರಯೋಗ ಮಾಡುವವರಿಗೆ ಅದು ಬೇಕೇ ಬೇಕು. ಮನೆಯಲ್ಲಿ "ಕೆಲಸ ಸಿಗುತ್ತಾ?" ಅನ್ನುವ ಪ್ರಶ್ನೆ ಜೋರಾಗಿದ್ದರೆ ಈ ದಾರಿ ಎಲ್ಲರಿಗೂ ಸಮಾಧಾನ ಕೊಡುತ್ತದೆ. ನನ್ನ ಒಂದು ಅಳುಕು ಮಾತ್ರ ಹೇಳುತ್ತೇನೆ. ಮೂರನೇ ವರ್ಷದಲ್ಲಿ ಸುತ್ತಲಿನವರೆಲ್ಲ ಪ್ಲೇಸ್‌ಮೆಂಟ್‌ಗೆ ತಯಾರಿ ಮಾಡುತ್ತಿರುವಾಗ ಒಬ್ಬಳೇ ಲ್ಯಾಬಿನಲ್ಲಿ ಕೂರಲು ಗಟ್ಟಿ ಮನಸ್ಸು ಬೇಕು. ಇನ್ನೊಂದು ಲೆಕ್ಕವೂ ಇದೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಮೂಲ ವಿಜ್ಞಾನದ ಪದವಿಗಳಿಗೆ ಮಾತ್ರ, ಬಿಟೆಕ್‌ಗೆ ಸಿಗುವುದಿಲ್ಲ.

ಚೆನ್ನೈ ಹತ್ತಿರದ ಸಿರುಸೇರಿಯಲ್ಲಿರುವ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಬೇರೆಯೇ ಜಾತಿಯದು. ಮೂರು ವರ್ಷದ ಗಣಿತ ಮತ್ತು ಫಿಸಿಕ್ಸ್ ಆನರ್ಸ್, ತಮ್ಮದೇ ಪ್ರವೇಶ ಪರೀಕ್ಷೆ. ಸಿದ್ಧಾಂತದ ಕಡೆ ಒಲವಿರುವ, ಗಣಿತದ ಪ್ರೂಫ್‌ಗಳನ್ನು ಬರೆಯುವುದರಲ್ಲಿ ಸುಖಪಡುವ ಮಕ್ಕಳಿಗೆ ಮಾತ್ರ ಹೇಳುತ್ತೇನೆ. ಬೆಸುಗೆ ಹಾಕಬೇಕು, ಲೇಸರ್ ಜೋಡಿಸಬೇಕು ಅನ್ನುವವರಿಗೆ ಬೇಡ.

ಸೀಟು ಸಿಗಲಿಲ್ಲ, ಊರಿನ ಕಾಲೇಜಿಗೇ ಸೇರಬೇಕು

ಫಿಸಿಕ್ಸ್ ಇಷ್ಟಪಡುವ ನಮ್ಮ ಮಕ್ಕಳಲ್ಲಿ ಬಹುಪಾಲು ಬಂದು ನಿಲ್ಲುವುದು ಇಲ್ಲೇ. ಇದನ್ನು ಸೋಲು ಅಂತ ನೋಡುವುದನ್ನು ನಾನು ಒಪ್ಪುವುದಿಲ್ಲ. ಹೋಲಿಕೆ ಮಾಡಲು ಜಾಸ್ತಿ ಶ್ರಮ ಬೇಕಾಗಿರುವುದೂ ಇಲ್ಲೇ, ಯಾಕೆಂದರೆ ಎರಡು ಕಾಲೇಜುಗಳ ನಡುವೆ ಆಕಾಶ ಭೂಮಿಯ ಅಂತರ ಇರುತ್ತದೆ.

ಮೊದಲು ವರ್ಷದ ಲೆಕ್ಕ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024-25ರಿಂದ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿತು. ಹಾಗಾಗಿ ರಾಜ್ಯದ ವಿಶ್ವವಿದ್ಯಾಲಯಗಳ ಕೆಳಗೆ ಬರುವ ಕಾಲೇಜಿನಲ್ಲಿ ಮೂರು ವರ್ಷದ ಬಿಎಸ್ಸಿ, ಆಮೇಲೆ ಎರಡು ವರ್ಷದ ಎಂಎಸ್ಸಿ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ್ದೂ ಇರಬಹುದು, ಕೇಳಿಕೊಳ್ಳಿ. ಇದು ಯಾಕೆ ಮುಖ್ಯ? ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದವರು ಎಂಎಸ್ಸಿ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಪಿಎಚ್‌ಡಿ ಮಾಡುವ ಆಸೆ ಇದ್ದರೂ ನಾಲ್ಕು ವರ್ಷ ಇದ್ದರೆ ಸಲೀಸು. ಮೂರು ವರ್ಷದ್ದು ಮಾಡಿದವರು ಎಂಎಸ್ಸಿ ಮುಗಿಸಿ ಹೋಗಬಹುದು, ಒಂದು ವರ್ಷ ಜಾಸ್ತಿ ಆಗುತ್ತದೆ ಅಷ್ಟೇ.

ಆಮೇಲೆ ಊರು. ಫಿಸಿಕ್ಸ್ ಓದುವವರಿಗೆ ಬೆಂಗಳೂರಿನಷ್ಟು ಅನುಕೂಲದ ಊರು ದೇಶದಲ್ಲೇ ಕಡಿಮೆ. ಮೇಖ್ರಿ ಸರ್ಕಲ್ ಹತ್ತಿರ ಸಿ. ವಿ. ರಾಮನ್ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ. ಕೋರಮಂಗಲದಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಹೆಸರಿನ ಸಂಶೋಧನಾ ಕೇಂದ್ರ ಜೆಎನ್‌ಸಿಎಎಸ್‌ಆರ್. ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್. ಇಲ್ಲೆಲ್ಲ ಸಾರ್ವಜನಿಕ ಉಪನ್ಯಾಸ ನಡೆಯುತ್ತಿರುತ್ತವೆ, ಬಸ್ ಚಾರ್ಜು ಬಿಟ್ಟರೆ ಬೇರೆ ಖರ್ಚಿಲ್ಲ. ನೆಹರು ತಾರಾಲಯದಲ್ಲಿ ಬಿಎಸ್ಸಿ ಮಕ್ಕಳಿಗಾಗಿಯೇ ರೀಪ್ ಅನ್ನುವ ವಾರಾಂತ್ಯದ ತರಗತಿಗಳು ನಡೆಯುತ್ತವೆ. ಸುಮ್ನೆ ಡಿಗ್ರಿ ಕಾಲೇಜಿಗೆ ಹೋಗುತ್ತಿದ್ದ ಎಷ್ಟೋ ಮಕ್ಕಳಿಗೆ ಸಂಶೋಧನೆ ಅಂದರೇನು ಅಂತ ಗೊತ್ತಾಗಿದ್ದು ಅಲ್ಲಿ. ಹಾಗಾಗಿ ಬೆಂಗಳೂರಿನ ಸಾಧಾರಣ ಕಾಲೇಜು, ಬೇರೆ ಊರಿನ ಹೆಸರಾಂತ ಕಾಲೇಜು ಇವೆರಡರ ನಡುವೆ ತೂಗುವಾಗ ಊರಿಗೂ ಅಂಕ ಕೊಡಿ.

ಬೆಂಗಳೂರಿನಲ್ಲಿ ಸೇಂಟ್ ಜೋಸೆಫ್ಸ್, ಕ್ರೈಸ್ಟ್, ಬಸವನಗುಡಿಯ ನ್ಯಾಷನಲ್ ಕಾಲೇಜು, ಮೈಸೂರಿನಲ್ಲಿ ಯುವರಾಜ, ಧಾರವಾಡದಲ್ಲಿ ಕರ್ನಾಟಕ ವಿಜ್ಞಾನ ಕಾಲೇಜು ಇವೆಲ್ಲ ಜನರ ಬಾಯಲ್ಲಿರುವ ಹೆಸರು. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಬಿಎಸ್ಸಿ ಫಿಸಿಕ್ಸ್ ಇದೆ, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ಒಂದೊಂದಕ್ಕೂ ನಾನು ಅಂಕ ಹಾಕಲಾರೆ. ಮೇಷ್ಟ್ರು ನಿವೃತ್ತರಾಗುತ್ತಾರೆ, ಹೊಸಬರು ಬರುತ್ತಾರೆ, ಹತ್ತು ವರ್ಷದ ಹಿಂದಿನ ಹೆಸರು ಇವತ್ತಿನ ಲ್ಯಾಬನ್ನು ತೋರಿಸುವುದಿಲ್ಲ. ಹೋಗಿ ನೋಡಬೇಕು.

ಊರಿನ ಕಾಲೇಜಿಗೆ ಸೇರಿದವರಿಗೆ ಸಂಶೋಧನೆಯ ಬಾಗಿಲು ಬೇಸಿಗೆ ರಜೆಯಲ್ಲಿ ತೆರೆಯುತ್ತದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಖರ್ಚಿಗೆ ಹಣವನ್ನೂ ಕೊಡುತ್ತಾರೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಿಂದ ನಡೆಸುತ್ತಿರುವ ನಿಯಸ್ ಇದೆ. ಅದರಲ್ಲಿ ಮೊದಲು ಶಿಬಿರ, ಆಮೇಲೆ ಆಯ್ಕೆಯಾದವರಿಗೆ ಪ್ರಾಜೆಕ್ಟು. ಟಿಐಎಫ್‌ಆರ್, ರಾಮನ್ ಸಂಸ್ಥೆ, ಜೆಎನ್‌ಸಿಎಎಸ್‌ಆರ್‌ನಲ್ಲೂ ಇಂಥವು ಇವೆ. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಿಂದಿನ ಚಳಿಗಾಲದಲ್ಲೇ ಹೋಗಬೇಕು. ಏಪ್ರಿಲ್‌ನಲ್ಲಿ ಎದ್ದರೆ ಆ ವರ್ಷ ಹೋಯಿತು. ಇವಕ್ಕೆಲ್ಲ ನಿನ್ನನ್ನು ಬಲ್ಲ ಮೇಷ್ಟ್ರ ಪತ್ರ ಬೇಕು. ನೂರಿಪ್ಪತ್ತು ಜನರ ತರಗತಿಯಲ್ಲಿ ಹಾಜರಿ ಸಂಖ್ಯೆ ಮಾತ್ರ ಗೊತ್ತಿರುವ ಮೇಷ್ಟ್ರು ಎಂಥ ಪತ್ರ ಬರೆದಾರು? ಚಿಕ್ಕ ತರಗತಿಯ ಕಾಲೇಜು ಆರಿಸಿಕೊಳ್ಳಲು ನಾನು ಹೇಳುವುದು ಇದಕ್ಕೇ.

ಮೂರು ವರ್ಷ ಮುಗಿದ ಮೇಲೆ ಎಂಎಸ್ಸಿ ಪ್ರವೇಶ ಪರೀಕ್ಷೆಯಾದ ಜಾಮ್ ಬರೆದು ಐಐಟಿಗಳ ಎಂಎಸ್ಸಿಗೆ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಹೋಗಬಹುದು. ಹದಿನೆಂಟಕ್ಕೆ ಸಿಗದ ಕ್ಯಾಂಪಸ್ಸು ಇಪ್ಪತ್ತೊಂದಕ್ಕೆ ಸಿಕ್ಕವರು ನನ್ನ ಹಳೆಯ ವಿದ್ಯಾರ್ಥಿಗಳಲ್ಲೇ ಇದ್ದಾರೆ.

ದುಡ್ಡು, ಭಾಷೆ

ಇನ್‌ಸ್ಪೈರ್ ಅಂದೆನಲ್ಲ, ಅದು ವರ್ಷಕ್ಕೆ 80 ಸಾವಿರ. 60 ಸಾವಿರ ಕೈಗೆ, 20 ಸಾವಿರ ಬೇಸಿಗೆ ಪ್ರಾಜೆಕ್ಟಿಗೆ. ಪಿಯುಸಿ ಬೋರ್ಡಿನಲ್ಲಿ ಮೇಲಿನ ಶೇ. 1ರಲ್ಲಿ ಬಂದವರು ಊರಿನ ಬಿಎಸ್ಸಿಗೆ ಸೇರಿದರೂ ಅರ್ಜಿ ಹಾಕಬಹುದು. ಸರ್ಕಾರಿ ಪದವಿ ಕಾಲೇಜಿನ ಶುಲ್ಕಕ್ಕೆ ಹೋಲಿಸಿದರೆ ಇದು ದೊಡ್ಡ ಮೊತ್ತ. ಎಷ್ಟೋ ಮನೆಗಳಿಗೆ ಈ ವಿಷಯ ತಲುಪುವುದೇ ಇಲ್ಲ. ದಯವಿಟ್ಟು ಗೊತ್ತಿರುವ ಮಕ್ಕಳಿಗೆ ಹೇಳಿ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮಾಡಿದ ಮಕ್ಕಳು ಐಸರ್ ಅಂದರೆ ಹಿಂಜರಿಯುತ್ತಾರೆ. ಮೊದಲ ಸೆಮಿಸ್ಟರ್ ಕಷ್ಟ ಆಗುತ್ತದೆ, ಸುಳ್ಳು ಹೇಳಲಾರೆ. ಆದರೆ ಫಿಸಿಕ್ಸ್‌ನ ಅರ್ಧ ಮಾತು ಚಿತ್ರದಲ್ಲಿ, ಇನ್ನರ್ಧ ಸಮೀಕರಣದಲ್ಲಿ ನಡೆಯುತ್ತದೆ. ಇಂಗ್ಲಿಷ್ ಒಂದು ವರ್ಷದಲ್ಲಿ ಕೈಗೆ ಬರುತ್ತದೆ. ಸೇರುವ ಮುಂಚೆ ಅಲ್ಲಿ ಓದುತ್ತಿರುವ ಒಬ್ಬ ಕನ್ನಡದ ವಿದ್ಯಾರ್ಥಿಯನ್ನು ಹುಡುಕಿ ಫೋನಿನಲ್ಲಿ ಮಾತಾಡಿ. ಹತ್ತು ನಿಮಿಷದಲ್ಲಿ ಅರ್ಧ ಭಯ ಹೋಗುತ್ತದೆ.

ಹೋಗಿ ನೋಡಿದಾಗ

ಐಐಎಸ್‌ಸಿಯಲ್ಲಿ ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದೆ, ಯಾರು ಬೇಕಾದರೂ ಲ್ಯಾಬುಗಳ ಒಳಗೆ ಹೋಗಬಹುದು. ಮೊದಲ ಪಿಯುಸಿಯಲ್ಲೇ ಒಮ್ಮೆ ಕರೆದುಕೊಂಡು ಹೋಗಿ. ಬೇರೆ ಕಾಲೇಜುಗಳಿಗೆ ಹೋದಾಗ ಆಫೀಸಿನಲ್ಲಿ ಕೂತು ಬ್ರೋಷರ್ ಓದಿ ಎದ್ದು ಬರಬೇಡಿ. ಫಿಸಿಕ್ಸ್ ಲ್ಯಾಬ್ ತೋರಿಸಿ ಅಂತ ಕೇಳಿ. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಮಾತಾಡಿಸಿ. ಲ್ಯಾಬ್ ವಾರಕ್ಕೆ ಎಷ್ಟು ಗಂಟೆ, ಒಂದು ಸಲಕರಣೆಗೆ ಎಷ್ಟು ಜನ, ಸಮಯ ಮುಗಿದ ಮೇಲೆ ಉಳಿಯಲು ಬಿಡುತ್ತಾರಾ, ಕಳೆದ ಬೇಸಿಗೆಯಲ್ಲಿ ಯಾರು ಎಲ್ಲಿಗೆ ಪ್ರಾಜೆಕ್ಟಿಗೆ ಹೋಗಿದ್ದರು ಅಂತ ಕೇಳಿ. ಕೊನೇ ಪ್ರಶ್ನೆಗೆ ಹೆಸರು ಹೇಳಿ ಉತ್ತರ ಕೊಟ್ಟರೆ ಒಳ್ಳೆಯದು. "ತುಂಬ ಜನ ಹೋಗ್ತಾರೆ" ಅಂದರೆ ಇನ್ನೊಬ್ಬರನ್ನು ಕೇಳಿ.

ಆಮೇಲೆ ಅವರ ರೆಕಾರ್ಡ್ ಬುಕ್ ಕೈಗೆ ತೆಗೆದುಕೊಂಡು ಲೋಲಕದ ಪುಟ ತೆರೆಯಿರಿ. ತರಗತಿಯ ಎಲ್ಲರಿಗೂ 9.8 ಬಂದಿದ್ದರೆ ಧನ್ಯವಾದ ಹೇಳಿ ಮುಂದಿನ ಕಾಲೇಜಿಗೆ ಹೊರಡಿ. ಯಾರದ್ದಾದರೂ ಪುಟದಲ್ಲಿ 9.4 ಅಂತ ಇದ್ದು, ಪಕ್ಕದಲ್ಲಿ ಮೇಷ್ಟ್ರ ಕೆಂಪು ಅಕ್ಷರದಲ್ಲಿ "ಯಾಕೆ?" ಅಂತ ಬರೆದಿದ್ದರೆ, ಅರ್ಜಿ ಫಾರಂ ಎಲ್ಲಿ ಸಿಗುತ್ತದೆ ಅಂತ ಕೇಳಿ.